ಹೆದರಿಕೆಯ ರಿಮೋಟು ಮಗುವಿನ ಕೈಲಿರಲಿ

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಬೀದಿಯುದ್ದಕ್ಕೂ ಮನೆಗಳ ಮುಂದೆ ಕೊರೆದ ಕುಂಬಳಕಾಯಿ, ಪ್ಲಾಸ್ಟಿಕ್ ಅಸ್ಥಿಪಂಜರ, ಮರಕ್ಕೆ ಜೋತುಬಿದ್ದ ಬಿಳಿಬಟ್ಟೆಯ ಭೂತ. ಟೀವಿ ಹಾಕಿದರೆ ಮೊದಲ ಸಾಲಿನಲ್ಲೇ ದೆವ್ವದ ಸಿನಿಮಾಗಳು. ‘ಕ್ಲಾಸಲ್ಲಿ ಎಲ್ಲರೂ ನೋಡಿದಾರೆ, ನಾನೊಬ್ನೇ ನೋಡಿಲ್ಲ’ ಎಂದು ಒಂಬತ್ತು ವರ್ಷದ ಮಗ ಹಟ ಹಿಡಿಯುತ್ತಾನೆ. ನೋಡಲು ಬಿಟ್ಟರೆ ರಾತ್ರಿ ನಿದ್ದೆ ಹೋಗುತ್ತದೆ, ಬಿಡದಿದ್ದರೆ ಗೆಳೆಯರ ನಡುವೆ ಅವನು ಒಂಟಿಯಾಗುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಹ್ಯಾಲೋವೀನ್ ಪಾರ್ಟಿ ನಡೆಯುವುದರಿಂದ ಅಲ್ಲಿಯ ಪೋಷಕರಿಗೂ ಇದೇ ಇಕ್ಕಟ್ಟು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆದರಿಕೆ ಮಕ್ಕಳಿಗೆ ವಿಷವಲ್ಲ. ಹೆದರಿಸಿದರೆ ಮಗು ಗಟ್ಟಿಯಾಗುತ್ತದೆ ಎನ್ನುವುದೂ ನಿಜವಲ್ಲ. ಮಗುವಿನ ವಯಸ್ಸಿಗೆ ಹೊಂದುವಷ್ಟೇ ಹೆದರಿಕೆ ಇದ್ದು, ಪಕ್ಕದಲ್ಲಿ ನಂಬಿಕೆಯವರಿದ್ದು, ‘ಸಾಕು’ ಎಂದ ಕೂಡಲೇ ಅದು ನಿಲ್ಲುತ್ತದೆ ಎಂಬ ಖಾತ್ರಿ ಮಗುವಿಗಿದ್ದರೆ ಹೆದರಿಕೆಯೂ ಆಟವಾಗುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಆಟವಾಗಿ ಉಳಿಯುವುದಿಲ್ಲ.

ಹೆದರಿಕೆಯಲ್ಲಿ ಮಜಾ ಎಲ್ಲಿಂದ?

ಅಕ್ಟೋಬರ್ 31ರ ಹ್ಯಾಲೋವೀನ್ ಆಚರಣೆಯ ಬೇರು ಐರ್ಲೆಂಡಿನ ಕಡೆಯ ಹಳೆಯ ಸುಗ್ಗಿ ಮುಗಿಯುವ ಹಬ್ಬದಲ್ಲಿದೆ. ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರ ಲೋಕ ಹತ್ತಿರ ಬರುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ವಲಸಿಗರೊಂದಿಗೆ ಅಮೆರಿಕಕ್ಕೆ ಬಂದ ಆಚರಣೆ ಕ್ರಮೇಣ ಮಕ್ಕಳ ವೇಷ ಮತ್ತು ಮಿಠಾಯಿಯ ಹಬ್ಬವಾಯಿತು. ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೋವೀನ್’ 1978ರ ಅಕ್ಟೋಬರಿನಲ್ಲಿ ತೆರೆಕಂಡು ಭಾರಿ ಯಶಸ್ಸು ಪಡೆದ ಮೇಲೆ ಈ ತಿಂಗಳಿಗೂ ಹಾರರ್ ಸಿನಿಮಾಕ್ಕೂ ನಂಟು ಬಲವಾಯಿತು. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದು, ಎಷ್ಟೋ ಕನ್ನಡದ ಮನೆಗಳಲ್ಲಿ ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ವೇಷ ಎರಡೂ ನಡೆದವು.

ಇನ್ನು ಹೆದರಿಕೆಯ ಮಜಾದ ವಿಷಯ. ಭಯದ ದೃಶ್ಯ ಕಂಡೊಡನೆ ಮಿದುಳಿನ ಅಮಿಗ್ಡಲ ಎಂಬ ಭಾಗ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಢವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಅಪಾಯ ನಿಜವಲ್ಲ ಎಂಬ ಅರಿವು ಮರುಕ್ಷಣವೇ ಬಂದರೂ ಏರಿದ ಉದ್ವೇಗ ಅಷ್ಟು ಬೇಗ ಇಳಿಯುವುದಿಲ್ಲ. ಉಳಿದ ಆ ಉದ್ವೇಗವೇ ಅನಂತರದ ನಿರಾಳತೆಗೆ, ನಗುವಿಗೆ ಕಾವು ಕೊಡುತ್ತದೆ ಎಂದು ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ ವಿವರಿಸಿದ್ದರು. ಕಿರುಚಿಕೊಂಡ ಮಕ್ಕಳು ಮರುಗಳಿಗೆಯಲ್ಲೇ ಬಿದ್ದು ಬಿದ್ದು ನಗುವುದು ಇದರಿಂದಲೇ.

ಆದರೆ ಈ ಮಜಾಕ್ಕೆ ಒಂದು ಮಿತಿಯಿದೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯ ಆಟವೊಂದಕ್ಕೆ ಬಂದ 110 ಮಂದಿಯ ಹೃದಯಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ. ಭಯ ತೀರಾ ಕಡಿಮೆಯಿದ್ದವರಿಗೆ ಬೇಸರ, ತೀರಾ ಹೆಚ್ಚಾದವರಿಗೆ ಸಂಕಟ. ಖುಷಿ ಸಿಕ್ಕಿದ್ದು ನಡುವೆ ಇದ್ದವರಿಗೆ. ಆ ನಡುವಿನ ಜಾಗ ಎಲ್ಲಿದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಒಂದೇ ಮನೆಯ ಅಕ್ಕನಿಗೂ ತಮ್ಮನಿಗೂ ಅದು ಬೇರೆ ಬೇರೆ.

ವಯಸ್ಸಿನೊಂದಿಗೆ ಭಯವೂ ಬದಲಾಗುತ್ತದೆ

ಮಕ್ಕಳು ಪರದೆಯ ಮೇಲೆ ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆ್ಯನ್ ಕ್ಯಾಂಟರ್. ಅವರ ಒಂದು ಪ್ರಯೋಗದಲ್ಲಿ ಮಕ್ಕಳಿಗೆ ಒಬ್ಬ ಮುದುಕಿಯ ಕತೆಯನ್ನು ವಿಡಿಯೊದಲ್ಲಿ ತೋರಿಸಲಾಯಿತು. ಕೆಲವು ಮಕ್ಕಳು ನೋಡಿದ ಮುದುಕಿಗೆ ವಿಕಾರ ರೂಪ, ಕೆಲವರು ನೋಡಿದವಳಿಗೆ ಸೌಮ್ಯ ರೂಪ. ನಡತೆಯಲ್ಲೂ ಹಾಗೆಯೇ, ಒಂದರಲ್ಲಿ ದಯೆ, ಇನ್ನೊಂದರಲ್ಲಿ ಕ್ರೌರ್ಯ. ಮೂರರಿಂದ ಐದು ವರ್ಷದ ಮಕ್ಕಳು ರೂಪ ನೋಡಿಯೇ ಅವಳು ಕೆಟ್ಟವಳೋ ಒಳ್ಳೆಯವಳೋ ಎಂದು ತೀರ್ಮಾನಿಸಿದರು. ದೊಡ್ಡ ಮಕ್ಕಳು ಅವಳ ನಡತೆ ನೋಡಿದರು.

ರೂಪಕ್ಕೇ ಹೆದರುವುದಕ್ಕೆ ಇನ್ನೊಂದು ಉದಾಹರಣೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಟೀವಿಯಲ್ಲಿ ಬರುತ್ತಿದ್ದ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯ ನಾಯಕ ಹಸಿರು ದೈತ್ಯನಾಗಿ ಬದಲಾದ ಮೇಲೂ ಜನರನ್ನು ಕಾಪಾಡುವವನೇ. ದೊಡ್ಡ ಮಕ್ಕಳಿಗೆ ಅದು ಗೊತ್ತಿತ್ತು. ಶಾಲೆಗೆ ಹೋಗದ ಪುಟಾಣಿಗಳಿಗೆ ಮಾತ್ರ ಅಂಗಿ ಹರಿದು ಮೈ ಹಸಿರಾಗುವ ಆ ಗಳಿಗೆಯೇ ಎಲ್ಲಕ್ಕಿಂತ ಭಯಂಕರ. ಅವನು ಒಳ್ಳೆಯವನು ಎಂಬ ಕತೆಯ ಎಳೆ ಅವರ ಕೈಗೆ ಸಿಗುವುದೇ ಇಲ್ಲ.

ನಮ್ಮ ‘ಆಪ್ತಮಿತ್ರ’ವನ್ನೇ (2004) ನೋಡಿ. ಕನ್ನಡದ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡುವ ಚಿತ್ರ ಅದು. ವಿಷ್ಣುವರ್ಧನ್ ಅದರಲ್ಲಿ ಮನೋವೈದ್ಯ. ನಾಗವಲ್ಲಿ ಎಂಬ ದೆವ್ವದ ಕಾಟದ ಹಿಂದೆ ಮನಸ್ಸಿನ ಕಾಯಿಲೆಯಿದೆ ಎಂದು ಚಿತ್ರ ವಿವರಿಸುತ್ತದೆ. ಹದಿಮೂರರ ಮಗಳಿಗೆ ಆ ವಿವರಣೆ ಸಮಾಧಾನ ಕೊಡುತ್ತದೆ, ಚರ್ಚೆಗೂ ದಾರಿಯಾಗುತ್ತದೆ. ಐದರ ಮಗನ ಕಣ್ಣಲ್ಲಿ ಉಳಿಯುವುದು ಕೆದರಿದ ಕೂದಲಿನ, ಕೆಂಗಣ್ಣಿನ ಆ ಮುಖ ಮಾತ್ರ. ‘ಕೊನೇಲಿ ಎಲ್ಲ ಸರಿಹೋಗುತ್ತಲ್ಲ’ ಎನ್ನುವ ನಮ್ಮ ಲೆಕ್ಕಾಚಾರ ಅವನಿಗೆ ಅನ್ವಯಿಸುವುದಿಲ್ಲ.

ಇದನ್ನು ಆಧರಿಸಿ ಒಂದು ಅಂದಾಜು ದಾರಿ ಹೇಳಬಹುದು. ಆರು ವರ್ಷದೊಳಗಿನವರಿಗೆ ಕುಂಬಳಕಾಯಿ, ವೇಷ, ಮಿಠಾಯಿಯ ಹ್ಯಾಲೋವೀನ್ ಸಾಕು. 1966ರ ಚಾರ್ಲಿ ಬ್ರೌನ್ ಕುಂಬಳಕಾಯಿ ಕಾರ್ಟೂನಿನಂಥ ಅರ್ಧ ಗಂಟೆಯೊಳಗಿನ ಕತೆಗಳು ಅವರಿಗೆ ಹಿತ. ಏಳರಿಂದ ಒಂಬತ್ತರವರಿಗೆ ‘ಮಾನ್ಸ್‌ಟರ್ಸ್ ಇಂಕ್’, ‘ಹೋಟೆಲ್ ಟ್ರಾನ್ಸಿಲ್ವೇನಿಯಾ’, ‘ಕೋಕೋ’ದಂಥವು, ಅಂದರೆ ದೆವ್ವಕ್ಕೂ ಮಮತೆಯಿರುವ ಚಿತ್ರಗಳು ಹೊಂದುತ್ತವೆ. ಹತ್ತು ದಾಟಿದ ಮೇಲೆ ನಿಜವಾಗಿ ಬೆಚ್ಚಿಬೀಳಿಸುವ ಚಿತ್ರಗಳನ್ನು ಒಂದೊಂದಾಗಿ ಪರಿಚಯಿಸಬಹುದು. ಹದಿಹರೆಯದವರ ಹೆದರಿಕೆಯೇ ಬೇರೆ. ಅವರನ್ನು ಕಾಡುವುದು ಮುಖವಾಡವಲ್ಲ, ‘ಇದು ನಮ್ಮ ಮನೆಯಲ್ಲೂ ನಡೆಯಬಹುದು’ ಎನ್ನುವ ಯೋಚನೆ. ಆದ್ದರಿಂದ ‘ನಿಜಘಟನೆ ಆಧಾರಿತ’ ಎಂದು ಹೇಳಿಕೊಳ್ಳುವ ಸಿನಿಮಾ ಅವರಿಗೆ ಹೆಚ್ಚು ನಾಟುತ್ತದೆ.

ಕಾರ್ಟೂನ್ ಎಂದಾಕ್ಷಣ ಮಕ್ಕಳಿಗೆ ಸರಿ ಎಂದುಕೊಳ್ಳುವುದು ಬೇಡ. ‘ಕೋರಲೈನ್’ (2009) ಬೊಂಬೆಗಳ ಅನಿಮೇಶನ್ ಚಿತ್ರ. ಅದರಲ್ಲಿ ಅಮ್ಮನಂತೆಯೇ ಇರುವ, ಕಣ್ಣಿನ ಜಾಗದಲ್ಲಿ ಗುಂಡಿಗಳಿರುವ ಇನ್ನೊಬ್ಬ ಅಮ್ಮ ಬರುತ್ತಾಳೆ. ಹೆದರಿದ ಮಗು ಓಡಿಬಂದು ಅಡಗುವುದು ಅಮ್ಮನ ಮಡಿಲಲ್ಲಿ. ಆ ಅಮ್ಮನನ್ನೇ ಅನುಮಾನಿಸುವಂತೆ ಮಾಡುವ ಕತೆ ಏಳರ ಮಗುವಿಗೆ ರಕ್ತದ ದೃಶ್ಯಕ್ಕಿಂತ ಭಾರವಾಗಬಹುದು.

ಸರ್ಟಿಫಿಕೇಟು ಹೇಳದ ವಿಷಯ

ಅಮೆರಿಕದಲ್ಲಿ ಜಿ, ಪಿಜಿ, ಪಿಜಿ-13, ಆರ್ ಎಂಬ ಗುರುತುಗಳಿವೆ. ಆರ್ ಎಂದಿದ್ದರೆ ಹದಿನೇಳಕ್ಕಿಂತ ಚಿಕ್ಕವರು ಹಿರಿಯರಿಲ್ಲದೆ ಥಿಯೇಟರಿಗೆ ಹೋಗುವಂತಿಲ್ಲ. ಭಾರತದಲ್ಲಿ 2024ರಿಂದ ಯುಎ ಪ್ರಮಾಣಪತ್ರ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಇವು ಪೋಷಕರಿಗೆ ಒಳ್ಳೆಯ ಆರಂಭ, ಆದರೆ ಇವೇ ಕೊನೆಯ ಮಾತಲ್ಲ. ಬೈಗುಳ, ರಕ್ತ, ನಗ್ನತೆಯನ್ನು ಗುರುತಿಸುವುದು ಸುಲಭ. ಬಾಗಿಲು ತಾನಾಗಿ ತೆರೆದುಕೊಳ್ಳುವ ಮುಂಚಿನ ಮೌನವನ್ನು ಅಳೆಯುವುದು ಕಷ್ಟ. ಬಾವಿಯಿಂದ ಎದ್ದ ಹುಡುಗಿ ಟೀವಿಯೊಳಗಿಂದ ತೆವಳಿ ಬರುವ ‘ದಿ ರಿಂಗ್’ (2002) ಪಿಜಿ-13. ಟೀವಿಯನ್ನೇ ಹೆದರಿಕೆಯ ವಸ್ತುವಾಗಿಸಿದ ಆ ಚಿತ್ರ ಹದಿಮೂರು ತುಂಬಿದವರಿಗೆಲ್ಲ ಹಗುರವಾದುದಲ್ಲ.

ಹಳೆಯ ಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಿಜಿ-13 ಎಂಬ ಗುರುತು ಹುಟ್ಟಿದ್ದೇ 1984ರ ಜುಲೈನಲ್ಲಿ. ಆ ವರ್ಷ ಪಿಜಿ ಎಂದು ಬಂದ ‘ಗ್ರೆಮ್ಲಿನ್ಸ್’ ಮತ್ತು ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಟೆಂಪಲ್ ಆಫ್ ಡೂಮ್’ ನೋಡಿ ಪೋಷಕರು ಸಿಟ್ಟಾದ ಮೇಲೆ ನಡುವೆ ಒಂದು ಮೆಟ್ಟಿಲು ಸೇರಿಸಲಾಯಿತು. ಆದ್ದರಿಂದ ಅದಕ್ಕೂ ಮುಂಚಿನ ಪಿಜಿ ಚಿತ್ರಗಳಲ್ಲಿ ಇಂದಿನ ಪಿಜಿಯ ಮೃದುತನ ಇರಬೇಕೆಂದಿಲ್ಲ. ಮಂಚದ ಕೆಳಗಿನ ಕೋಡಂಗಿ ಬೊಂಬೆ ಹುಡುಗನನ್ನು ಎಳೆದುಕೊಳ್ಳುವ ‘ಪೋಲ್ಟರ್‌ಗೈಸ್ಟ್’ (1982) ಕೂಡ ಪಿಜಿಯೇ. ದಾರಿ ಒಂದೇ. ನೀವು ಮೊದಲು ನೋಡಿ. ಪೂರ್ತಿ ನೋಡಲು ಬಿಡುವಿಲ್ಲದಿದ್ದರೆ ಕತೆಯನ್ನಾದರೂ ಓದಿ, ಟ್ರೇಲರ್ ನೋಡಿ. ಮನೆಯ ಓಟಿಟಿಗೆ ಮಕ್ಕಳ ಪ್ರೊಫೈಲ್ ಮಾಡಿ, ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಅನ್ನು ಈ ತಿಂಗಳಾದರೂ ನಿಲ್ಲಿಸಿಡಿ.

ಪಕ್ಕದಲ್ಲಿ ಕೂತವರ ಕೆಲಸ

ನಮ್ಮ ಮನೆಗಳಲ್ಲಿ ದೆವ್ವದ ಕತೆಗೆ ಬರವಿರಲಿಲ್ಲ. ಕತೆ ಹೇಳುವ ಅಜ್ಜಿ ಮಗುವಿನ ಮುಖ ನೋಡುತ್ತಲೇ ಹೇಳುತ್ತಾಳೆ. ಕಣ್ಣು ತೀರಾ ಅರಳಿದರೆ ದನಿ ಇಳಿಸುತ್ತಾಳೆ, ಬೆದರಿತು ಅನ್ನಿಸಿದರೆ ದೆವ್ವವನ್ನು ಪೆದ್ದನನ್ನಾಗಿ ಮಾಡಿ ನಗಿಸುತ್ತಾಳೆ. ಸಿನಿಮಾ ಮಗುವಿನ ಮುಖ ನೋಡುವುದಿಲ್ಲ. ನಾಲ್ಕರವನಿಗೂ ನಲವತ್ತರವನಿಗೂ ಅದರ ಸದ್ದು ಒಂದೇ. ಮುಖ ನೋಡಿ ದನಿ ಇಳಿಸುವ ಅಜ್ಜಿಯ ಆ ಕೆಲಸವನ್ನು ಪಕ್ಕದಲ್ಲಿ ಕೂತ ನಾವು ಮಾಡಬೇಕು.

ಆದ್ದರಿಂದ ಮೊದಲ ಸಲ ಹಗಲಿನಲ್ಲಿ ನೋಡಿ, ಶನಿವಾರ ಮಧ್ಯಾಹ್ನ ಊಟವಾದ ಮೇಲಾದರೆ ಒಳ್ಳೆಯದು. ಕೋಣೆಯ ದೀಪ ಉರಿಯುತ್ತಿರಲಿ. ವಾಲ್ಯೂಮ್ ಇಳಿಸಿ. ಎದೆ ನಡುಗಿಸುವುದು ಚಿತ್ರಕ್ಕಿಂತ ಹೆಚ್ಚಾಗಿ ಸದ್ದು. ಕಣ್ಣು ಮುಚ್ಚಿದ ಮಗುವಿಗೂ ಕಿವಿ ಕೇಳುತ್ತಲೇ ಇರುತ್ತದೆ, ಕೆಲವೊಮ್ಮೆ ಕಂಡದ್ದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತದೆ. ಮ್ಯೂಟ್ ಮಾಡಿ ಅದೇ ದೃಶ್ಯ ತೋರಿಸಿದರೆ ಅದರ ಬಲ ಎಷ್ಟು ಕುಂದುತ್ತದೆ ಎಂದು ಮಕ್ಕಳೇ ಬೆರಗಾಗುತ್ತಾರೆ.

ಶುರುವಿಗೆ ಮುಂಚೆಯೇ ರಿಮೋಟು ಮಗುವಿನ ಕೈಗೆ ಕೊಡಿ. ಮಾತು ಹೀಗಿರಬಹುದು:

‘ಪುಟ್ಟಾ, ರಿಮೋಟು ನಿನ್ ಹತ್ರಾನೇ ಇರ್ಲಿ. ಯಾವಾಗ ಸಾಕು ಅನ್ಸುತ್ತೋ ಆಗ ನಿಲ್ಸು.’

‘ಅಣ್ಣ ನಗ್ತಾನೆ ಅಮ್ಮಾ.’

‘ಯಾರೂ ನಗೋ ಹಾಗಿಲ್ಲ, ಅದು ಆಟದ ರೂಲ್ಸು. ಅವನಿಗೆ ಸಾಕು ಅನ್ಸಿದ್ರೂ ನಾವು ನಗಲ್ಲ.’

‘ನಿಲ್ಸಿದ್ಮೇಲೆ ಮತ್ತೆ ನೋಡ್ಬೋದಾ?’

‘ನೋಡ್ಬೋದು. ಬೇಡ ಅಂದ್ರೆ ಮುಂದೇನಾಯ್ತು ಅಂತ ನಾನು ಕತೆ ಹೇಳ್ತೀನಿ.’

ಈ ಕೊನೆಯ ಮಾತು ಮುಖ್ಯ. ಅತಿ ಭಯದ ಜಾಗದಲ್ಲಿ ನಿಲ್ಲಿಸಿ ಸುಮ್ಮನಾದರೆ ಮಗುವಿನ ಮನಸ್ಸಿನಲ್ಲಿ ಆ ದೃಶ್ಯ ಅಲ್ಲೇ ನಿಂತುಬಿಡುತ್ತದೆ. ಹುಡುಗಿ ಪಾರಾದಳು, ಬಾಗಿಲು ತೆರೆಯಿತು, ಬೆಳಗಾಯಿತು ಎಂದು ಕತೆಯನ್ನು ಬಾಯಲ್ಲೇ ಮುಗಿಸಿಕೊಡಿ.

ಹೆದರಿದ ಮಗುವಿಗೆ ‘ಅದು ನಿಜ ಅಲ್ಲ ಕಣೋ’ ಎಂದರೆ ಸಾಕೇ? ಒಂಬತ್ತು ದಾಟಿದವರಿಗೆ ಆ ಮಾತು ಕೆಲಸ ಮಾಡುತ್ತದೆ. ಮೂರರಿಂದ ಐದರವರಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂದು ‘ದಿ ವಿಜರ್ಡ್ ಆಫ್ ಆಜ್’ ಸಿನಿಮಾದ ಮಾಟಗಾತಿಯ ದೃಶ್ಯವನ್ನಿಟ್ಟು ಕ್ಯಾಂಟರ್ ಮತ್ತು ಬಾರ್ಬರಾ ವಿಲ್ಸನ್ ನಡೆಸಿದ ಪ್ರಯೋಗ ತೋರಿಸಿತು. ಸಣ್ಣವರಿಗೆ ಮಾತಿಗಿಂತ ಮೈಯ ಆಸರೆ ಬೇಕು. ಮಡಿಲಿಗೆ ಎಳೆದುಕೊಳ್ಳಿ, ಕುಡಿಯಲು ನೀರು ಕೊಡಿ, ಪ್ರೀತಿಯ ಬೊಂಬೆಯನ್ನೋ ಹೊದಿಕೆಯನ್ನೋ ಕೈಗಿಡಿ. ದೊಡ್ಡವರಿಗೆ ವಿವರಣೆ ಕೊಡಿ.

ಎಲ್ಲ ವಯಸ್ಸಿಗೂ ಒದಗುವ ಇನ್ನೊಂದು ಉಪಾಯ, ಹೆದರಿಕೆ ಹೇಗೆ ತಯಾರಾಗುತ್ತದೆ ಎಂದು ತೋರಿಸುವುದು. ಅಮೆರಿಕದ ಮಕ್ಕಳ ಟೀವಿಯಲ್ಲಿ ಹೆಸರಾದ ಫ್ರೆಡ್ ರೋಜರ್ಸ್ 1975ರಲ್ಲಿ ಆ ಮಾಟಗಾತಿಯ ಪಾತ್ರಧಾರಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರನ್ನು ತಮ್ಮ ಕಾರ್ಯಕ್ರಮಕ್ಕೆ ಕರೆಸಿದ್ದರು. ನಗುಮೊಗದ ಆ ಹಿರಿಯ ಮಹಿಳೆ ಮಕ್ಕಳ ಕಣ್ಣೆದುರೇ ಕಪ್ಪು ಉಡುಪು ತೊಟ್ಟು, ಟೋಪಿ ಇಟ್ಟುಕೊಂಡು ಮಾಟಗಾತಿಯಾದರು. ಕೆಲವು ವರ್ಷಗಳ ಬಳಿಕ ರೋಜರ್ಸ್ ಹಲ್ಕ್ ಧಾರಾವಾಹಿಯ ಸೆಟ್ಟಿಗೂ ಹೋಗಿ, ನಟ ಲೂ ಫೆರಿಗ್ನೋ ಅವರ ಮೈಗೆ ಹಸಿರು ಬಣ್ಣ ಬಳಿಯುವುದನ್ನು ತೋರಿಸಿದರು. ಕರಾವಳಿಯವರಿಗೆ ಇದು ಹೊಸದಲ್ಲ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಎಂಬ ಬಿಳಿ ಚುಕ್ಕೆಗಳನ್ನು ಇಡುವುದನ್ನು ಕಂಡ ಮಗು, ಆಮೇಲೆ ಅಬ್ಬರಿಸುತ್ತ ಬಂದ ರಾಕ್ಷಸನನ್ನು ಹೆದರುತ್ತಲೇ ಆಸೆಯಿಂದ ನೋಡುತ್ತದೆ. ಚಿತ್ರೀಕರಣದ ವಿಡಿಯೊಗಳು ಈಗ ಧಾರಾಳವಾಗಿ ಸಿಗುತ್ತವೆ. ಸಿನಿಮಾಕ್ಕೆ ಮುಂಚೆ ಹತ್ತು ನಿಮಿಷ ಅವನ್ನು ಒಟ್ಟಿಗೆ ನೋಡಿ.

ಬೇರೆಯವರ ಮನೆಯಲ್ಲಿ ರಾತ್ರಿ ತಂಗಿದಾಗ

ನಮ್ಮ ಕೈಮೀರಿ ನಡೆಯುವುದು ಹೆಚ್ಚಾಗಿ ಸ್ಲೀಪ್‌ಓವರಿನಲ್ಲಿ. ಐದಾರು ಮಕ್ಕಳು, ಕತ್ತಲ ಕೋಣೆ, ಯಾರದೋ ಅಣ್ಣ ಆರಿಸಿದ ಸಿನಿಮಾ. ಅಲ್ಲಿ ‘ನನಗೆ ಬೇಡ’ ಎನ್ನಲು ಮಗುವಿಗೆ ಬಾಯಿ ಬರುವುದಿಲ್ಲ. ಕಳಿಸುವ ಮುಂಚೆ ಆ ಮನೆಯ ಪೋಷಕರನ್ನು ‘ಯಾವ ಸಿನಿಮಾ ಹಾಕ್ತೀರಿ’ ಎಂದು ಸಹಜವಾಗಿ ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ. ಮಗುವಿನೊಂದಿಗೂ ಒಂದು ಒಪ್ಪಂದ ಇರಲಿ: ಎಷ್ಟು ಹೊತ್ತಾದರೂ ಫೋನ್ ಮಾಡಬಹುದು, ಪ್ರಶ್ನೆ ಕೇಳದೆ ಬಂದು ಕರೆದುಕೊಂಡು ಹೋಗುತ್ತೇವೆ, ‘ಬೆಳಿಗ್ಗೆ ಬೇಗ ಎಲ್ಲಿಗೋ ಹೋಗಬೇಕಿದೆ’ ಎಂಬ ನೆಪ ನಮ್ಮದು. ಸುತ್ತಲಿನವರಿಗೆ ಕನ್ನಡ ಬಾರದ ಊರಿನಲ್ಲಿ ಗುಟ್ಟಿನ ಸಂಕೇತವೂ ಬೇಕಿಲ್ಲ. ‘ಅಮ್ಮಾ, ಭಯ ಆಗ್ತಿದೆ, ಬಾ’ ಎಂದು ಗೆಳೆಯರ ನಡುವೆಯೇ ಕೂತು ಕನ್ನಡದಲ್ಲಿ ಹೇಳಬಹುದು.

ರಾತ್ರಿಯ ಮಾತು

ಮಲಗುವ ಮುಂಚಿನ ಒಂದು ಗಂಟೆ ಯಾವ ಪರದೆಯೂ ಬೇಡ ಎನ್ನುವುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ದೆವ್ವದ ಸಿನಿಮಾಕ್ಕಂತೂ ಇನ್ನೂ ಹೆಚ್ಚಿನ ಬಿಡುವಿರಲಿ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದಕ್ಕೆ ಕತ್ತರಿ ಹಾಕುವ ಹಬ್ಬ ಲಾಭವಲ್ಲ.

ರಾತ್ರಿ ಚೀರಿ ಎದ್ದರೆ ಎರಡು ಸಾಧ್ಯತೆಗಳಿವೆ. ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆಗೆ ಬೀಳುತ್ತದೆ. ಮಗು ಪೂರ್ತಿ ಎಚ್ಚರಾಗಿ ಕಂಡದ್ದನ್ನು ಹೇಳುತ್ತದೆ, ಅಪ್ಪಿಕೊಂಡರೆ ಸಮಾಧಾನಗೊಳ್ಳುತ್ತದೆ. ನಿದ್ದೆಯ ಬೆದರಿಕೆ (ನೈಟ್ ಟೆರರ್) ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ, ಗಾಢನಿದ್ದೆಯ ನಡುವೆ ಬರುತ್ತದೆ. ಮಗು ಕಣ್ಣು ಬಿಟ್ಟು ಕಿರುಚುತ್ತದೆ, ಬೆವರುತ್ತದೆ, ನಮ್ಮ ಗುರುತೂ ಹಿಡಿಯುವುದಿಲ್ಲ. ಬೆಳಿಗ್ಗೆ ಅದಕ್ಕೆ ಒಂದೂ ನೆನಪಿರುವುದಿಲ್ಲ. ಆಗ ಅಲುಗಾಡಿಸಿ ಎಬ್ಬಿಸಬೇಡಿ. ಮಂಚದಿಂದ ಬೀಳದಂತೆ ಪಕ್ಕದಲ್ಲಿರಿ, ಕೆಲವು ನಿಮಿಷಗಳಲ್ಲಿ ತಾನಾಗಿ ಮಲಗುತ್ತದೆ.

ಊರಿಂದ ಬಂದ ಅಜ್ಜಿ ದೃಷ್ಟಿ ತೆಗೆದರೆ ಬೇಡವೆನ್ನಬೇಕಿಲ್ಲ. ಅಜ್ಜಿಯ ಕೈ ಮಗುವಿಗೆ ಹಿತವೇ. ‘ಗಾಳಿ ಸೋಕಿದೆ’ ಎಂದು ಮಗುವಿನ ಎದುರು ಹೇಳುವುದು ಮಾತ್ರ ಬೇಡ. ಸಿನಿಮಾದ ದೆವ್ವ ಮನೆಯೊಳಗೇ ಇದೆ ಎಂದು ದೊಡ್ಡವರೇ ಒಪ್ಪಿದಂತಾಗುತ್ತದೆ. ‘ಊಟ ಮಾಡದಿದ್ರೆ ಗುಮ್ಮ ಬರ್ತಾನೆ’ ಎಂಬ ಹಳೆಯ ಬೆದರಿಕೆಯನ್ನೂ ಈ ದಿನಗಳಲ್ಲಿ ಪಕ್ಕಕ್ಕಿಡಿ. ಪುರಂದರದಾಸರ ಬಾಲಕೃಷ್ಣ ಕೂಡ ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಬೇಡಿಕೊಂಡವನೇ. ‘ಗಂಡುಹುಡುಗ ಹೆದರ್ತಾನಾ’ ಎನ್ನುವ ಹೀಯಾಳಿಕೆ ಅದಕ್ಕಿಂತಲೂ ಕೆಟ್ಟದ್ದು. ಅದನ್ನು ಕೇಳಿದ ಮಗು ಹೆದರುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತದೆ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಸಂಶೋಧಕರಾದ ಕ್ರಿಸ್ಟನ್ ಹ್ಯಾರಿಸನ್ ಮತ್ತು ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 90ರಷ್ಟು ಕಾಲೇಜು ವಿದ್ಯಾರ್ಥಿಗಳು ಯಾವುದೋ ಸಿನಿಮಾ ಅಥವಾ ಟೀವಿ ದೃಶ್ಯ ತಮ್ಮನ್ನು ತೀವ್ರವಾಗಿ ಹೆದರಿಸಿದ್ದನ್ನು ನೆನಪಿಸಿಕೊಂಡರು. ಅಧ್ಯಯನದಲ್ಲಿದ್ದವರ ಪೈಕಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಮಂದಿಗೆ ಅದರ ಆತಂಕ ಇನ್ನೂ ಉಳಿದಿತ್ತು. ಹೆದರುವುದು ಸಹಜ, ಕೆಲವರಲ್ಲಿ ಅದು ಬಹುಕಾಲ ಉಳಿಯುತ್ತದೆ ಎಂಬ ಎರಡೂ ಮಾತು ಇದರಲ್ಲಿವೆ. ಎರಡು ಮೂರು ರಾತ್ರಿ ದೀಪ ಹಾಕಿ ಮಲಗಿದರೆ, ಬಚ್ಚಲಿಗೆ ಜೊತೆ ಕರೆದರೆ ಗಾಬರಿ ಬೇಡ. ವಾರಗಳು ಕಳೆದರೂ ಒಬ್ಬರೇ ಮಲಗಲು ಒಪ್ಪದಿದ್ದರೆ, ಹಾಸಿಗೆ ಒದ್ದೆ ಮಾಡುವ, ನಿಂತುಹೋಗಿದ್ದ ಅಭ್ಯಾಸ ಮತ್ತೆ ಶುರುವಾದರೆ, ಶಾಲೆಗೆ ಹೋಗಲು ಹಿಂಜರಿದರೆ, ಮೇಲಿಂದ ಮೇಲೆ ಹೊಟ್ಟೆನೋವು ತಲೆನೋವು ಎಂದರೆ ಮಕ್ಕಳ ವೈದ್ಯರನ್ನು ಕಾಣಿ. ಕರ್ನಾಟಕದಲ್ಲಿರುವವರು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ.

ಈ ಹ್ಯಾಲೋವೀನಿಗೆ ನಿಮ್ಮ ಮಗು ಯಾವ ಸಿನಿಮಾ ನೋಡುತ್ತದೋ ಗೊತ್ತಿಲ್ಲ, ನೋಡದೆಯೂ ಇರಬಹುದು. ಎರಡೂ ಸರಿ. ‘ನನಗೆ ಸಾಕು’ ಎಂದು ಅದು ಹೇಳಿದಾಗ ಕ್ಲೈಮ್ಯಾಕ್ಸಿಗೆ ಐದೇ ನಿಮಿಷ ಉಳಿದಿದ್ದರೂ ಮರುಮಾತಿಲ್ಲದೆ ನಿಲ್ಲಿಸಿ. ತನ್ನ ‘ಸಾಕು’ ಎಂಬ ಮಾತಿಗೆ ಮನೆಯಲ್ಲಿ ಬೆಲೆಯಿದೆ ಎಂದು ಕಂಡುಕೊಂಡ ಮಗು ಹೊರಗೂ ಅದನ್ನು ಹೇಳಬಲ್ಲದು: ಗೆಳೆಯರ ಒತ್ತಾಯಕ್ಕೆ, ಮೊಬೈಲಿಗೆ ಬಂದ ಕೆಟ್ಟ ವಿಡಿಯೊಗೆ, ಮುಟ್ಟಬಾರದ ಕಡೆ ಮುಟ್ಟುವ ಕೈಗೆ. ಎರಡು ಗಂಟೆಯ ಸಿನಿಮಾದಿಂದ ಇಷ್ಟನ್ನು ಕಲಿಸಬಹುದಾದರೆ, ಪೋಷಕರಾದ ನಾವು ಆ ಎರಡು ಗಂಟೆ ಫೋನ್ ಬದಿಗಿಟ್ಟು ಮಗುವಿನ ಪಕ್ಕ ಕೂರಲೇಬೇಕು.